ವ್ಯೂಫೈಂಡರ್ ಪಕ್ಕದ ಚಕ್ರ

ಬಾಗಿಲ ಸಂದಿಯಿಂದ ಅಣ್ಣ ನೋಡುತ್ತಲೇ ಇದ್ದ. ಸ್ಟುಡಿಯೋದ ಒಳಗೆ ತಂಗಿ ಅವನ ಕ್ಯಾಮೆರಾವನ್ನು ಎತ್ತಿಕೊಂಡಳು, ಬೆನ್ನು ತಿರುಗಿಸಿ ಹೆಬ್ಬೆರಳಿನಿಂದ ಏನೋ ಮಾಡಿದಳು, ಏನೂ ಅರಿಯದವಳ ಹಾಗೆ ಅದನ್ನು ಬೀರುವಿನಲ್ಲಿಟ್ಟು ಪರದೆಯ ಧೂಳು ಕೊಡವತೊಡಗಿದಳು. ಅವಳಿಗೆ ಅವಳದೇ ಕ್ಯಾಮೆರಾ ಇತ್ತು. ಇದನ್ನೇಕೆ ಮುಟ್ಟಬೇಕು?

ಕೆಲವು ತಿಂಗಳಿಂದ ಅವನ ಚಿತ್ರಗಳು ಮಸುಕಾಗುತ್ತಿದ್ದವು. ಮೊನ್ನೆ ಒಬ್ಬ ವಕೀಲರು, "ಇದು ನಾನೋ, ನನ್ನ ತಮ್ಮನೋ?" ಎಂದು ಕೇಳಿ ಫೋಟೋ ವಾಪಸು ಕೊಟ್ಟು ಹೋಗಿದ್ದರು. ಬಂದವರೆಲ್ಲ ಈಗ ತಂಗಿಯನ್ನೇ ಹುಡುಕುತ್ತ "ಅಕ್ಕ ಇಲ್ವಾ?" ಅನ್ನುತ್ತಾರೆ. ಕೈಯಾರೆ ಕೆಲಸ ಕಲಿಸಿದ ತಂಗಿಯೇ ತನ್ನನ್ನು ಮೂಲೆಗೆ ತಳ್ಳುತ್ತಿದ್ದಾಳೆ! ಸಾಕ್ಷಿ ಒಂದು ಸಿಗಲಿ, ಇವತ್ತೇ ಅವಳನ್ನು ಸ್ಟುಡಿಯೋದಿಂದ ಕಳಿಸುವುದೇ ಸೈ ಎಂದು ಅವನು ತೀರ್ಮಾನಿಸಿಬಿಟ್ಟ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವಳು ಒಳಕೋಣೆಗೆ ಹೋದದ್ದೇ ತಡ, ಕ್ಯಾಮೆರಾ ಎತ್ತಿಕೊಂಡು ಹಳೇ ಕ್ಯಾಮೆರಾ ಮಾರುವ ಗೆಳೆಯನ ಅಂಗಡಿಗೆ ನಡೆದ.

"ಲೆನ್ಸ್ ಬದಲಾಯಿಸಿದಾಳೆ ಕಣಯ್ಯ. ಇದು ನಂದಲ್ಲ."

ಅಂಗಡಿಯವನು ಲೆನ್ಸ್ ಬಿಚ್ಚಿ, ಟಾರ್ಚ್ ಬಿಟ್ಟು ಎರಡೂ ಕಡೆಯಿಂದ ನೋಡಿದ. "ನಿಂದೇ. ಬೂಷ್ಟಿಲ್ಲ, ಗೀರಿಲ್ಲ. ಚರ್ಮದ ಚೀಲದಲ್ಲಿ ಮುಚ್ಚಿಟ್ಟಿದ್ರೆ ಇಷ್ಟೊತ್ತಿಗೆ ಒಳಗೆ ಬಲೆ ಕಟ್ಟಿರೋದು. ಚೆನ್ನಾಗಿ ನೋಡ್ಕೊಂಡಿದೀಯ."

"ನೋಡ್ಕೊಳ್ದೆ ಮತ್ತೆ?" ಅಂದ ಅಣ್ಣ. ಬೀರುವಿನಲ್ಲಿ ತೇವ ಹೀರುವ ಪೊಟ್ಟಣಗಳನ್ನು ಬದಲಾಯಿಸುವವಳು ತಂಗಿ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹಾಗಾದ್ರೆ ಕ್ಯಾಮೆರಾ ಬಾಡಿನೇ ಕೆಟ್ಟಿದೆ. ಬೇರೆ ತೋರ್ಸು."

"ತಡಿ ಮಾರಾಯ. ಒಳ್ಳೇ ಲೆನ್ಸ್ ನಾಲ್ಕು ಬಾಡಿ ಕಂಡು ಬಾಳುತ್ತೆ ನಿಜ, ಆದ್ರೆ ಕೆಡದೇ ಇರೋ ಬಾಡಿನ ಯಾಕೆ ಬಿಸಾಕ್ತೀಯ? ಮೊದ್ಲು ನೋಡೋಣ."

ಮಾರುವವನೇ ಬೇಡ ಅನ್ನುತ್ತಾನಲ್ಲ ಎಂದು ಅಣ್ಣನಿಗೆ ಅವನ ಮೇಲೂ ಅನುಮಾನ ಬಂತು.

ಅಂಗಡಿಯವನು ಲೆನ್ಸ್ ಮತ್ತೆ ಸೇರಿಸಿ, ವ್ಯೂಫೈಂಡರಿನ ಕಿಂಡಿಗೆ ಕಣ್ಣಿಟ್ಟವನೇ ಹಿಂದೆ ಸರಿದ. "ಅಬ್ಬಬ್ಬಾ, ಬರೀ ಮಂಜು! ಪಕ್ಕದ ಚಕ್ರ ನೋಡು, ಯಾರೋ ಕೊನೇವರೆಗೂ ತಿರುಗಿಸಿಟ್ಟಿದಾರೆ."

ನೋಡುವವರ ದೃಷ್ಟಿಗೆ ಹೊಂದಿಸಿಕೊಳ್ಳಲು ಇರುವ ಪುಟ್ಟ ಚಕ್ರ ಅದು. ಕ್ಯಾಮೆರಾ ಕೊಂಡ ದಿನ ಒಮ್ಮೆ ತಿರುಗಿಸಿದ್ದು ಬಿಟ್ಟರೆ ಅಂಥದೊಂದಿದೆ ಎಂಬುದೇ ಅಣ್ಣನಿಗೆ ಮರೆತುಹೋಗಿತ್ತು.

"ಅವಳೇ! ಕಣ್ಣಾರೆ ನೋಡಿದೀನಿ," ಎಂದು ಕೂಗಿದ. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲಯ್ಯ!"

ಅಂಗಡಿಯವನು ಚಕ್ರವನ್ನು ನಡುವಿಗೆ ತಂದು ಕೊಟ್ಟ. "ಈಗ ನೋಡು, ಕನ್ನಡಿ ಹಾಗಿದೆ."

ಅಣ್ಣ ಕಣ್ಣಿಟ್ಟ. ಎದುರು ನಿಂತ ಗೆಳೆಯನಿಗೆ ಮೂಗೇ ಇರಲಿಲ್ಲ. ಫೋಕಸ್ ರಿಂಗ್ ಆ ಕಡೆ ಈ ಕಡೆ ತಿರುಗಿಸಿದ, ಬರಲಿಲ್ಲ. ಕೊನೆಗೆ ತಾನೇ ಚಕ್ರವನ್ನು ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸುತ್ತ ಹೋದ. ಮೂಗು ಬಂತು, ಕಣ್ಣು ಬಂತು, ಮೀಸೆ ಇನ್ನೇನು ಬರಬೇಕು ಅನ್ನುವಾಗ ಚಕ್ರ ಮೊದಲಿದ್ದ ಅದೇ ತುದಿ ಮುಟ್ಟಿ ನಿಂತಿತು.

"ಹೇಗಿದೆ?" ಅಂಗಡಿಯವನು ಕೇಳಿದ.

ಅಣ್ಣ ಕ್ಯಾಮೆರಾ ಕೆಳಗಿಳಿಸಿದ. ಇಷ್ಟನ್ನೂ ಒಂದೇ ದಿನ ತಿರುಗಿಸಿದ್ದರೆ ಅವನಿಗೆ ಅಂದೇ ತಿಳಿಯುತ್ತಿತ್ತು. ಅವನ ಕಣ್ಣು ಮಂಜಾದಂತೆಲ್ಲ ಅವಳು ಒಂದೊಂದೇ ಹಲ್ಲು ತಿರುಗಿಸುತ್ತ ಬಂದಿದ್ದಳು. ಹಿಂದೊಮ್ಮೆ ಅವಳು "ಕಣ್ಣು ತೋರ್ಸೋಣ ಬಾ ಅಣ್ಣ" ಅಂದಿದ್ದಳು. "ಕನ್ನಡಕದವನ ಹತ್ರ ಯಾರು ಫೋಟೋ ತೆಗೆಸ್ಕೋತಾರೆ?" ಎಂದು ಕೂಗಾಡಿ ಅವನು ಅಂದು ಊಟ ಬಿಟ್ಟಿದ್ದ. ಆಮೇಲೆ ಅವಳು ಆ ಮಾತೆತ್ತಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ತಿರುಗಿಸಲು ಇನ್ನು ಹಲ್ಲೇ ಉಳಿದಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಸ್ಟುಡಿಯೋಗೆ ಮರಳಿದಾಗ ಒಬ್ಬ ಅಜ್ಜಿ ಫೋಟೋಗೆಂದು ಸ್ಟೂಲಿನ ಮೇಲೆ ಕೂತಿದ್ದಳು.

"ಎಲ್ಲಿಗೆ ಹೋಗಿದ್ದೆ ಅಣ್ಣ? ಎಷ್ಟೊತ್ತಿಂದ ಕಾಯ್ತಿದಾರೆ."

ಅಣ್ಣ ಕ್ಯಾಮೆರಾವನ್ನು ತಂಗಿಯ ಕೈಗಿಟ್ಟ. "ನೀನೇ ತೆಗಿ."

"ನಿನ್ನ ಕ್ಯಾಮೆರಾದಲ್ಲಾ?"

"ಹೂಂ. ಚಕ್ರ ನಿನ್ನ ಕಣ್ಣಿಗೆ ತಿರುಗಿಸ್ಕೋ."

ಅವಳ ಮುಖ ಬಿಳಿಚಿಕೊಂಡಿತು. "ತೆಗೆದಾದ್ಮೇಲೆ ಮತ್ತೆ ನಿಂಗೆ ಸರಿಮಾಡಿ ಇಡ್ತೀನಣ್ಣ," ಅಂದಳು ಮೆಲ್ಲಗೆ.

"ಬೇಡ. ಅಲ್ಲೇ ಇರ್ಲಿ."

ಅವನು ಅಜ್ಜಿಯ ಬಳಿ ಹೋಗಿ ಹೆಗಲ ಮೇಲಿನ ಶಾಲು ಸರಿಮಾಡಿದ. ಹಿಂದೆ ಟಿಕ್, ಟಿಕ್ ಎಂದು ಚಕ್ರ ತಿರುಗುತ್ತಿತ್ತು. ಬಹಳ ಹೊತ್ತು ತಿರುಗುತ್ತಲೇ ಇತ್ತು. ಅವನು ಶಾಲನ್ನು ಮತ್ತೆ ಎಳೆದ, ಮತ್ತೆ ಮಡಿಸಿದ.

"ಸಾಕು ಬಿಡಪ್ಪ," ಅಂದಳು ಅಜ್ಜಿ, "ನೆಟ್ಟಗೇ ಇದೆ."