ಹಕಾರಲೋಪದ ನಿಯಮ

ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿಯಲ್ಲಿ ಪ್ರಭುಸ್ವಾಮಿಯ ಆಟದ ಕೋಣೆಯಿತ್ತು. ಅಲ್ಲಿ ಆಡುತ್ತಿದ್ದುದು ಚದುರಂಗವಲ್ಲ, ಕೇರಮ್ಮೂ ಅಲ್ಲ, ಪಾತ್ರದಾಟ. ಒಬ್ಬರು ಕಥೆಯನ್ನು ನಡೆಸುತ್ತಾರೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುವೆವೆಂದು ಬಾಯಲ್ಲಿ ಹೇಳುತ್ತಾರೆ. ಹೇಳಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವ ಹೊಣೆ ಪ್ರಭುಸ್ವಾಮಿಯ ಚಿಕ್ಕಪ್ಪನ ಮಗಳು ಶಿವರಂಜನಿಯದು. ಭಾನುವಾರಗಳಂದು ಯಳಂದೂರಿನಿಂದ ಬರುತ್ತಿದ್ದ ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು, ಭೂತವನ್ನು ಸಹ ತೂಕ, ಎತ್ತರ ಗೊತ್ತುಪಡಿಸದೆ ಕಥೆಯೊಳಗೆ ಬಿಡುತ್ತಿರಲಿಲ್ಲ.

ನಿಯಮದ ಪುಸ್ತಕಗಳೆಲ್ಲ ಕಡಲಾಚೆಯ ಒಂದೇ ದೊಡ್ಡ ಪ್ರಕಾಶನದವು. ಅವನ್ನು ತರಿಸಿ ಮಾರುವುದೇ ಪ್ರಭುಸ್ವಾಮಿಯ ವ್ಯಾಪಾರ. ಆ ಪ್ರಕಾಶನ ದಿವಾಳಿಯೆದ್ದ ಸುದ್ದಿ ಒಂದು ಶುಕ್ರವಾರ ಬಂತು. ಪಾತ್ರಗಳ ವಿವರವನ್ನೆಲ್ಲ ಇಟ್ಟಿದ್ದ ಅವರ ಆ್ಯಪ್ ತೆರೆಯದಾಯಿತು. ಪುಸ್ತಕ ಕಳುಹಿಸುತ್ತಿದ್ದ ವಿತರಕರು ಫೋನ್ ಎತ್ತಲಿಲ್ಲ.

ಕೆಳಗಿನ ಅಂಗಡಿಯ ಒಡೆಯರಾದ ಅವನ ತಂದೆ ಶಿವಕುಮಾರಸ್ವಾಮಿಯವರು ಊಟಕ್ಕೆ ಕುಳಿತಾಗ ಹೇಳಿದರು: "ಸೋಮ್ವಾರ ಬಡಗಿ ಬತ್ತಾನೆ. ಮಾಡಿ ಮ್ಯಾಲೆ ಸೀರೆ ಬೀರು ಮಾಡುಸ್ತೀನಿ. ನಿನ್ ಆಟದ ಕಂಪ್ನಿನೇ ಮಕಾಡೆ ಮಲೀಕಂತಲ್ಲ."

ಆ ಮಾತು ನಿಜವೆಂದೇ ಪ್ರಭುಸ್ವಾಮಿಗೂ ತೋರಿತ್ತು.

ಭಾನುವಾರ ಶಿವರಂಜನಿ ಬಂದಾಗ ಅವನು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಹನೂರಿನಿಂದ ಬಂದಿದ್ದ ಆಟಗಾರ್ತಿ ರಾಣಿ ಮೇಜಿನ ಮುಂದೆ ಕೆನ್ನೆಗೆ ಕೈಕೊಟ್ಟು ಕುಳಿತಿದ್ದಳು.

"ಕಂಪನಿ ಮುಚ್ಚಿದರೆ ಆಟ ಯಾಕೆ ಮುಚ್ಚುತ್ತೆ, ಅಣ್ಣಾ?" ಎಂದಳು ಶಿವರಂಜನಿ. "ಒಂದು ದೊಡ್ಡ ರೇಷ್ಮೆ ಕಾರ್ಖಾನೆ ನಿಂತರೆ ಹುಳು ಸೊಪ್ಪು ತಿನ್ನೋದು ಬಿಡುತ್ತಾ?"

"ಉಳ ತಿಂತದೆ ಕಣಮ್ಮಿ. ಗೂಡು ಕೊಳ್ಳೋರ್ಯಾರು?" ಎಂದ ಪ್ರಭುಸ್ವಾಮಿ. "ಈ ಕ್ವಾಣೆಗೆ ಬಂದೋರೆಲ್ಲ ಆ ಕಂಪ್ನಿ ಎಸ್ರು ಕೇಳ್ಕಂಡೇ ಬಂದೋರು. ನೀನೂವೆ, ರಾಣಿನೂವೆ. ಇನ್ಮೇಲೆ ಒಸಬ್ರು ಯಾವ ಬಾಗ್ಲಿಂದ ಬತ್ತಾರೆ?"

ಆಕ್ಷೇಪ ಸರಿಯಾಗಿತ್ತು, ಸರಿಯಾದ ಆಕ್ಷೇಪವನ್ನು ಅಲ್ಲಗಳೆಯುವುದು ಶಿವರಂಜನಿಗೆ ಬಾರದು. "ಅದಕ್ಕೆ ಉತ್ತರ ಹುಡುಕಬೇಕು," ಎಂದಳು.

"ಉತ್ರ ಆಮೇಲೆ ಉಡುಕ್ಕಳಿ. ಕಡೇ ಆಟ ಆದ್ರೂ ಆಡ್ಮ," ಎಂದಳು ರಾಣಿ. "ಬಸ್ನಲ್ಲಿ ನಿಂತ್ಕಂಡ್ ಬಂದಿವ್ನಿ."

ಆದರೆ ಅಂದಿನ ಕಥೆಗೆ ಮೂವರು ಪಾತ್ರಧಾರಿಗಳು ಬೇಕಿತ್ತು; ಇದ್ದವರು ಇಬ್ಬರು. ಅಷ್ಟರಲ್ಲಿ ಗೋಡೆ ಅಳೆಯಲು ಟೇಪು ಹಿಡಿದು ಶಿವಕುಮಾರಸ್ವಾಮಿಯವರು ಮೆಟ್ಟಿಲೇರಿ ಬಂದರು. ರಾಣಿ ಕುರ್ಚಿಯನ್ನು ಎಳೆದು ಹಾಕಿದಳು. "ಯಜಮಾನ್ರೇ, ಗ್ವಾಡೆ ಎಲ್ಗೂ ಓಗಾಕಿಲ್ಲ. ಬನ್ನಿ, ಒಂದ್ ಕೈ ಕಮ್ಮಿ ಅದೆ."

"ನಂಗೇನ್ ಗೊತ್ತದವ್ವ ಈ ಆಟ?"

"ಪಾಲಾರ್ ಹೊಳೆ ದಾಟಿ, ಕಾಡೊಳಗೆ ನಡೆದು, ಒಂದು ಬೆಟ್ಟ ಸೇರಬೇಕು, ದೊಡ್ಡಪ್ಪಾ," ಎಂದಳು ಶಿವರಂಜನಿ. "ಅಷ್ಟೇ."

ಮಲೆ ಮಹದೇಶ್ವರ ಬೆಟ್ಟಕ್ಕೆ ಅನೇಕ ಸಲ ಕಾಲ್ನಡಿಗೆಯಲ್ಲಿ ಹೋಗಿಬಂದಿದ್ದ ಅವರಿಗೆ ಇದು ಹೊಸ ಸಂಗತಿಯಾಗಿ ತೋರಲಿಲ್ಲ; ಕುಳಿತರು.

"ಜೊತೆಗೆ ಏನೇನು ತಗೊಂಡು ಹೊರಡ್ತೀರಾ?"

"ಒಂದ್ ಸುತ್ತು ಅಗ್ಗ. ಒಂದ್ ಚೆಂಬು ಆಲು. ಆಮೇಲೆ ಅಕ್ಕಿ. ಕಾಡ್ ದಾರೀಲಿ ಅದೊಂದ್ ಜೊತ್ಗಿದ್ರೆ ಭಯ ಇಲ್ಲ ಕಣವ್ವಾ."

ಶಿವರಂಜನಿಯ ತಾಯಿ ಶಾಲಾ ಉಪಾಧ್ಯಾಯಿನಿ. ಮಗಳು 'ಹ'ಕಾರ ಬಿಟ್ಟಾಗಲೆಲ್ಲ ತಲೆಗೆ ಮೊಟಕಿ ತಿದ್ದಿದವರು. ಆ ಶಿಸ್ತು ಕೈಗೂ ಇಳಿದಿತ್ತು. ದೊಡ್ಡಪ್ಪನ ಬಾಯಿಂದ ಬಿದ್ದ ಹಕಾರಗಳನ್ನೆಲ್ಲ ಎತ್ತಿ ಸ್ವಸ್ಥಾನಕ್ಕೆ ಸೇರಿಸುತ್ತ ಅವಳು ಬರೆದುಕೊಂಡಳು: ಹಗ್ಗ, ಹಾಲು, ಹಕ್ಕಿ.

ಕಥೆ ಹೊಳೆಯ ದಂಡೆಗೆ ಬಂತು. ಅಲ್ಲಿ ಎರಡು ತಾಳೆಮರದಷ್ಟು ಎತ್ತರದ ಭೂತವೊಂದು ದಾರಿಗೆ ಅಡ್ಡ ನಿಂತು, ಹಸಿವು ಹಸಿವೆಂದು ಅರಚುತ್ತಿತ್ತು.

"ಅಸ್ಕಂಡದಾ? ಅಷ್ಟೇ ತಾನೇ? ಕುಂತ್ಕ ಅನ್ನು," ಎಂದರು ಶಿವಕುಮಾರಸ್ವಾಮಿ. "ಮೂರ್ ಕಲ್ಲಿಟ್ಟು ಒಲೆ ಊಡಿ, ಅಕ್ಕಿ ಬೇಯಾಕ್ತೀನಿ."

ಶಿವರಂಜನಿಯ ಪೆನ್ನು ನಿಂತಿತು. ಕೊರಳಲ್ಲಿ ಲಿಂಗ ಧರಿಸಿದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ದೊಡ್ಡಪ್ಪ!

"ಬೇಯಿಸ್ತೀರಾ? ನೀವಾ, ದೊಡ್ಡಪ್ಪಾ?"

"ಇನ್ಯಾರ್ ಬೇಯ್ಸಾರು? ತೊಳ್ದು, ಕಲ್ ಆಯ್ದು..."

"ಪುಕ್ಕ?"

"ಯಾವ ಪುಕ್ಕ?"

"ಅಷ್ಟರಲ್ಲಿ ಅದು ಹಾರಿಹೋಗಲ್ವಾ?"

"ಮೊರದಲ್ಲಿ ಕೇರಿದ್ರೆ ಒಟ್ಟು ಆರೋಯ್ತದೆ. ಅಕ್ಕಿ ಯಾಕವ್ವಾ ಆರೋದದು?"

ರಾಣಿಗೆ ಮೊದಲು ಹೊಳೆಯಿತು. ಅವಳು ಮೇಜಿಗೆ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ ಶಿವ್ನೇ! ನೀವು ಅನ್ನದ್ ಅಕ್ಕಿ ಅಂದ್ರೆ ಈವಕ್ಕ ಅದ್ಕೆ ರೆಕ್ಕೆ ಕಟ್ಟವ್ರೆ ಯಜಮಾನ್ರೇ!"

ಶಿವರಂಜನಿ ಕೆಂಪಾಗಿ, ಅಭ್ಯಾಸಬಲದಿಂದ ನಿಯಮದ ಪುಸ್ತಕಕ್ಕೆ ಕೈಹಾಕಿದಳು. ಇಂಥ ಗೊಂದಲ ಬಂದಾಗ ಪ್ರಕಾಶನಕ್ಕೆ ಬರೆದು ಕೇಳುವುದು ವಾಡಿಕೆ.

"ಕೇಳು, ಕೇಳು. ಸತ್ತೋರು ಉತ್ರ ಬರ್ದಾರಾ ನೋಡ್ಮ," ಎಂದ ಪ್ರಭುಸ್ವಾಮಿ.

"ಬದ್ಕಿದ್ರೂ ಅವ್ರಿಗೇನ್ ಗೊತ್ತಾದದ್ಲಾ, ಅಕ್ಕಿಗೂ ಅಕ್ಕಿಗೂ ಇರೋ ವ್ಯತ್ಯಾಸ?" ಎಂದರು ತಂದೆ. "ನಮ್ ನಾಲ್ಗೇಲಿ ಆದ ಯಡವಟ್ಟು. ನಾವೇ ತೀರ್ಮಾನ ಮಾಡ್ಬೇಕು."

ಶಿವರಂಜನಿ ಪುಸ್ತಕವನ್ನು ಮುಚ್ಚಿದಳು. ಪ್ರಮೇಯ ಒಪ್ಪಿಸುವವಳಂತೆ ಹೇಳಿದಳು: "ಈ ಕಾಡಿನಲ್ಲಿ ಹಕಾರ ಬಿದ್ದ ಮಾತು ಎರಡೂ ಅರ್ಥಕ್ಕೆ ಸಲ್ಲುತ್ತದೆ. ಯಾವುದು ಬೇಕೆಂದು ಆಟಗಾರ ಹೇಳಬೇಕು. ಆಗುತ್ತದೆಯೇ ಎಂದು ದಾಳ ಹೇಳಬೇಕು."

"ಅಂಗಾದ್ರೆ ಮೊದ್ಲು ಅನ್ನ ಆಗ್ಲಿ, ಭೂತ ಉಣ್ಲಿ. ಮಿಕ್ಕಿದ್ ಅಕ್ಕಿ ಆರ್ಲಿ, ದಾರಿ ತೋರುಸ್ಲಿ," ಎಂದು ಅವರು ದಾಳ ಎಸೆದರು. ಹತ್ತೊಂಬತ್ತು ಬಿತ್ತು. ಭೂತ ಉಂಡು ತೇಗಿ ಮಲಗಿತು. ಮೂಟೆಯಲ್ಲಿ ಉಳಿದ ಕಾಳೆಲ್ಲ ಬಿಳಿಯ ಹಕ್ಕಿಗಳಾಗಿ ಎದ್ದು, ನೀರು ಆಳವಿಲ್ಲದ ಕಡೆಯ ಮೇಲೆ ಸಾಲಾಗಿ ಹಾರಿದವು. ಮೂವರೂ ದಾಟಿದರು.

ಆಚೆ ದಡದಲ್ಲಿ ಹುಲಿಯೊಂದು ಎದುರಾಯಿತು. ರಾಣಿ ಅದರತ್ತ ಬೆರಳು ನೀಡಿ, "ಉಲಿ!" ಎಂದು ಕೂಗಿ ದಾಳ ಉರುಳಿಸಿದಳು. ದಾಳ ಒಲಿಯಿತು.

"ಉಲಿ ಅಂದರೆ ಬರೀ ದನಿ," ಎಂದಳು ಶಿವರಂಜನಿ. "ಹುಲಿಯ ಮೈ ಕರಗಿತು. ಗರ್ಜನೆ ಮಾತ್ರ ಪೊದೆಯಲ್ಲಿ ಉಳಿಯಿತು."

ಪ್ರಭುಸ್ವಾಮಿ ಕೂಡ ನಕ್ಕ. ಶುಕ್ರವಾರದಿಂದ ಅದೇ ಮೊದಲು. "ಇದ್ನ ಯಾವ ಪುಸ್ತಕ್ದಲ್ಲೂ ಬರ್ಯಕಾಗಕಿಲ್ಲ ಕಣಮ್ಮಿ. ಇಂಗ್ಲೀಸ್ನೋರು ತಲೆಕೆಳಗಾದ್ರೂ ಆಗಕಿಲ್ಲ."

"ಆಟ ನಿಲ್ಲೋದಿಲ್ಲ ಅನ್ನೋದು ಇವತ್ತು ಗೊತ್ತಾಯ್ತು," ಎಂದಳು ಅವಳು. "ನಿನ್ನ ವ್ಯಾಪಾರ ಉಳಿಯುತ್ತೆ ಅನ್ನೋದು ಗೊತ್ತಾಗಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ, ಅಣ್ಣಾ."

ಶಿವಕುಮಾರಸ್ವಾಮಿಯವರು ಎದ್ದು, ಟೇಪು ಬಿಚ್ಚಿ, ಗೋಡೆಯನ್ನು ಅಳೆದೇ ಅಳೆದರು. ಮಗನ ಮುಖ ಬಾಡಿತು.

"ಬೀರು ಬರೋದೇ ಸೈ," ಎಂದರು. "ಆದ್ರೆ ಈ ಗ್ವಾಡೆಗೆ ಮಾತ್ರ. ಕಿಟ್ಕಿ ಕಡೆ ಮೇಜು ಇರ್ಲಿ. ನಾನಿನ್ನೂ ವೊಳೆ ದಾಟಿವ್ನಿ, ಬೆಟ್ಟ ಅತ್ತಿಲ್ಲ. ಅರ್ಧ ದಾರೀಲಿ ಬುಟ್ಟು ಬರಾಕಾದದಾ?"

"ಬೆಟ್ಟ ಅತ್ತಿದ್ ಮ್ಯಾಲೆ?" ಎಂದ ಪ್ರಭುಸ್ವಾಮಿ.

"ಅದ್ನ ಅತ್ತಿದ್ ಮ್ಯಾಲೆ ನೋಡ್ಮ."

ಬಡಗಿ ಬಂದು ಹೋದ. ದೊಡ್ಡ ಪ್ರಕಾಶನದ ಪುಸ್ತಕಗಳಿದ್ದ ಗೋಡೆಗೆ ಸೀರೆಗಳು ಬಂದವು. ಮೇಜು ಕಿಟಕಿಗೆ ಸರಿಯಿತು. ಸೀರೆ ಕೊಳ್ಳುವವರೂ ಈಗ ಮಹಡಿ ಹತ್ತತೊಡಗಿದರು.

ಮುಂದಿನ ಭಾನುವಾರ ಹೊನ್ನೂರಿನ ಪುಟ್ಟಮಲ್ಲಮ್ಮ ಎಂಬವರು ಮಗಳ ಮದುವೆಯ ಸೀರೆಗೆಂದು ಬಂದರು. ಮಗಳು ಬಣ್ಣ ಆರಿಸುವುದು ಮುಗಿಯುವಂತಿರಲಿಲ್ಲ. ಬೇಸತ್ತ ತಾಯಿ ಬಂದು ಮೇಜಿನ ಮುಂದೆ ಕುಳಿತು, ದಾಳವನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಇದೇನ್ ಮಗಾ? ಇಷ್ಟೊಂದ್ ಮಕ ಅವೆ?"

ಪ್ರಭುಸ್ವಾಮಿ ಶಿವರಂಜನಿಯನ್ನು ನೋಡಿದ. ಅವಳು ಹೊಸ ಹಾಳೆಯೊಂದನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳಿದಳು.

"ಆಟ ಕಣವ್ವಾ," ಎಂದ ಅವನು. "ಕತೆಯೊಳ್ಗೆ ಓಗ್ಬೇಕು. ನೀವು ಯಾರ್ ಬೇಕಾದ್ರೂ ಆಗ್ಬೋದು. ಏನಾಯ್ತೀರಾ ಏಳಿ."

ಪುಟ್ಟಮಲ್ಲಮ್ಮ ಸೀರೆಯ ರಾಶಿಯತ್ತ ಒಮ್ಮೆ ನೋಡಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದ್ ಸರ್ತಿ ಸೊಸೆ ಮಾತ್ರ ಆಗಾಕಿಲ್ಲ ಕಣಪ್ಪಾ. ಅದೊಂದ್ ಬುಟ್ಟು ಏನಾರ ಮಾಡು."