ಕೋಟಿನ ಗುಂಡಿಯ ಕೋಣೆ

ಭೂಗೋಳದ ಮೇಷ್ಟ್ರಿಗೆ ಒಂದು ಜಂಬವಿತ್ತು, ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ. ಪುಸ್ತಕ ನೋಡದೆ, ಸೀಮೆಸುಣ್ಣವನ್ನು ನಡುವೆ ಎಲ್ಲೂ ಎತ್ತದೆ, ಒಂದೇ ಉಸಿರಿಗೆ ಇಡೀ ಖಂಡವನ್ನು ಕರಿಹಲಗೆಯ ಮೇಲೆ ಎಳೆದುಬಿಡುತ್ತಿದ್ದರು. ಇಪ್ಪತ್ತೆಂಟು ವರ್ಷ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ್ದರು. ಇಪ್ಪತ್ತೊಂಬತ್ತನೆಯ ವರ್ಷ ಮೊದಲ ಬೆಂಚಿಗೆ ಒಬ್ಬ ಹುಡುಗಿ ಬಂದು ಕೂತಳು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿತ್ತು. ತರಗತಿಯವರು ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದರು.

ಮೊದಲ ವಾರದ ಕೊನೆಗೆ ಅವಳು ಎದ್ದು ನಿಂತಳು.

"ಸರ್, ಇವತ್ತು ನೀವು ನಲವತ್ಮೂರು ಸಲ 'ಇಲ್ಲಿ' ಅಂದ್ರಿ. ನಾನು ಎಣಿಸ್ತಾ ಇದ್ದೆ. ಎಲ್ಲಿ ಸರ್?"

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತರು. ಇಷ್ಟು ವರ್ಷ ತಾವು ಪಾಠ ಮಾಡಿದ್ದು ಬೆರಳಿನಿಂದ, ಬಾಯಿಂದ ಅಲ್ಲ ಎಂಬುದು ಅವರಿಗೆ ಹೊಳೆದದ್ದೇ ಆವತ್ತು.

ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು. ಒಳ್ಳೆಯವರು ಮಾಡುವ ತಪ್ಪನ್ನೇ ಮಾಡಿದರು. ಇಬ್ಬರನ್ನೂ ಕೋಣೆಗೆ ಕರೆಸಿ, "ಪರೀಕ್ಷೇಲಿ ಇವಳಿಗೆ ನಕ್ಷೆ ಪ್ರಶ್ನೆಯಿಂದ ವಿನಾಯಿತಿ ಕೊಡೋಣ. ಬದಲಿಗೆ ಪ್ರಬಂಧ ಬರೀಲಿ. ಪಾಪ, ಯಾಕೆ ತೊಂದರೆ?" ಅಂದರು.

"ಬೇಡ ಮೇಡಂ," ಅಂದಳು ಹುಡುಗಿ. ಅವಳ ದನಿಯಲ್ಲಿ ತುಂಟತನವಿರಲಿಲ್ಲ. "ಎಲ್ರೂ ಕೈ ಹಿಡಿದು ನನಗೆ ದಾರಿ ತೋರಿಸ್ತಾರೆ. ದಾರೀನ ನಾನೇ ಕಂಡ್ಕೊಳ್ಳೋದು ಹೇಗೆ ಅಂತ ಯಾರೂ ಹೇಳ್ಕೊಡಲ್ಲ. ನನಗೆ ನಕ್ಷೆ ಬೇಕು."

ಮುಖ್ಯೋಪಾಧ್ಯಾಯಿನಿ ಪೆನ್ನು ಕೆಳಗಿಟ್ಟರು. "ಸರಿ. ಹೊಸ ಕಟ್ಟಡದ ಮಹಡಿಗೆ ನೀನು ಇನ್ನೂ ಕಾಲಿಟ್ಟಿಲ್ಲ. ಮೇಷ್ಟ್ರು ಅದರ ನಕ್ಷೆ ಮಾಡ್ಕೊಡ್ಲಿ. ಶುಕ್ರವಾರ ಅದನ್ನ ಓದ್ಕೊಂಡು ಪ್ರಯೋಗಾಲಯದ ಬಾಗಿಲು ಹುಡುಕು. ಸಿಕ್ಕಿದ್ರೆ ನಿನ್ನ ಪರೀಕ್ಷೆ ಅರ್ಜೀಲಿ 'ವಿನಾಯಿತಿ ಬೇಡ' ಅಂತ ಬರೀತೀನಿ. ಸಿಗದಿದ್ರೆ ಪ್ರಬಂಧ. ಮೇಷ್ಟ್ರೇ, ನೀವು ಮಾತ್ರ ಅಲ್ಲಿ ತುಟಿ ಬಿಚ್ಚೋ ಹಾಗಿಲ್ಲ."

ಮೇಷ್ಟ್ರು ಮೊದಲು ಹಳೆಯ ಭೂಪಟವೊಂದರ ಗೆರೆಗಳ ಮೇಲೆ ದಾರ ಅಂಟಿಸಿ ನೋಡಿದರು. ಹುಡುಗಿ ಬೆರಳಾಡಿಸಿದ್ದೇ ತಡ, ದಕ್ಷಿಣದ ಕರಾವಳಿ ಪೂರ್ತಿ ಅವಳ ಬೆರಳಿಗೆ ಅಂಟಿಕೊಂಡು ಬಂತು. "ಸರ್, ಸಮುದ್ರ ಒಳಗೆ ನುಗ್ತಾ ಇದೆ!" ಎಂದು ಅವಳು ಕೈ ಕೊಡವಿದಳು.

ಗುರುವಾರ ಸಂಜೆ ಮೇಷ್ಟ್ರು ಅಕ್ಕನ ಮನೆಯಲ್ಲಿ ಕೂತು ಗೋಂದನ್ನು ಬೈಯುತ್ತಿದ್ದರು. ಅಕ್ಕ ದರ್ಜಿ. ತಮ್ಮನ ತಲೆಗೂದಲು ನರೆತಿದ್ದರೂ ಆಕೆಗೆ ಅವನು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಕೂಸು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಗೋಂದೇನೋ ಮಾಡುತ್ತೆ? ತಗೋ ಇದನ್ನ," ಎಂದು ಆಕೆ ಹೊಲಿಗೆ ಪೆಟ್ಟಿಗೆಯಿಂದ ಒಂದು ಸಾಮಾನು ತೆಗೆದಳು. ಮರದ ಹಿಡಿ, ತುದಿಯಲ್ಲಿ ಸುತ್ತಲೂ ಚೂಪು ಹಲ್ಲುಗಳಿರುವ ಪುಟ್ಟ ಚಕ್ರ. ಬಟ್ಟೆಯ ಮೇಲೆ ಕತ್ತರಿಸುವ ಗೆರೆ ಗುರುತು ಮಾಡಲು ಅವಳು ಅದನ್ನು ಉರುಳಿಸುತ್ತಿದ್ದಳು. ದಪ್ಪ ಹಾಳೆಯ ಕೆಳಗೆ ಕಂಬಳಿ ಹಾಸಿ ಚಕ್ರ ಓಡಿಸಿದಾಗ, ಹಾಳೆಯ ಹಿಂದೆ ಚುಕ್ಕಿಗಳ ಸಾಲು ಬೆರಳಿಗೆ ಸಿಗುವಂತೆ ಎದ್ದು ನಿಂತಿತು. ಮೇಷ್ಟ್ರು ಕೂತಲ್ಲೇ ಕುಣಿದರು.

"ಲೋ, ಮಗುಚಿದ್ರೆ ಎಡತೋಳು ಬಲತೋಳಾಗುತ್ತೆ, ನೆನಪಿಟ್ಕೋ. ನಾನೂ ಕಲಿಯೋವಾಗ ಎರಡು ಅಂಗಿ ಹಾಳು ಮಾಡಿದೀನಿ."

"ನನಗೆ ನಕ್ಷೆ ಪಾಠ ಹೇಳ್ಬೇಡಕ್ಕ," ಅಂದರು ಮೇಷ್ಟ್ರು. ಮಹಡಿಯ ಗೋಡೆ, ಬಾಗಿಲುಗಳ ಗೆರೆಗಳೆಲ್ಲ ಮುಗಿದ ಮೇಲೆ ಹಾಳೆ ಮಗುಚಿ, ಮೆಟ್ಟಿಲಿರುವಲ್ಲಿ ಅಂಗಿಯ ಗುಂಡಿ, ಪ್ರಯೋಗಾಲಯವಿರುವಲ್ಲಿ ಕೋಟಿನ ದಪ್ಪ ಗುಂಡಿ ಹೊಲಿಸಿಕೊಂಡು ಮನೆಗೆ ಹೋದರು.

ಶುಕ್ರವಾರ ಚಿನಕುರಳಿ ಮಹಡಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತು ಹಾಳೆಯ ಮೇಲೆ ಬೆರಳಾಡಿಸಿದಳು. ಅಂಗಿಯ ಗುಂಡಿ ಸಿಕ್ಕಿತು, ಅಲ್ಲಿಂದ ಗೆರೆ ಸಿಕ್ಕಿತು. "ಬಲಕ್ಕೆ," ಅಂದಳು. ಬಲಕ್ಕೆ ತಿರುಗಿ ಮೂರು ಹೆಜ್ಜೆ ನಡೆದಳು. ಕೋಲು ಟಕ್ಕೆಂದು ಗೋಡೆಗೆ ಬಡಿಯಿತು.

ಹಿಂದೆ ಮುಖ್ಯೋಪಾಧ್ಯಾಯಿನಿಯ ಜೊತೆ ನಿಂತಿದ್ದ ಮೇಷ್ಟ್ರಿಗೆ ಆಗ ಹೊಳೆಯಿತು. ಕೋಣೆಗಳ ನಡುವಿನ ಓಣಿ ಇರುವುದು ಎಡಕ್ಕೆ! ಚಕ್ರ ಓಡಿಸಿದ್ದು ಹಾಳೆಯ ಒಂದು ಮಗ್ಗುಲಿಗೆ, ಚುಕ್ಕಿ ಎದ್ದದ್ದು ಇನ್ನೊಂದು ಮಗ್ಗುಲಿಗೆ. ಅಕ್ಕ ಹೇಳಿದ್ದ ಎಡತೋಳು ಬಲತೋಳಾಗಿ ಕೂತಿತ್ತು. ಹೇಳೋಣವೆಂದರೆ ಬಾಯಿಗೆ ಬೀಗ. ತಮ್ಮ ಜಂಬಕ್ಕೆ ಈ ಮಗು ದಂಡ ತೆರುವಂತಾಯಿತಲ್ಲ ಎಂದು ಅವರಿಗೆ ಅಳುವೇ ಬಂತು. ಮುಖ್ಯೋಪಾಧ್ಯಾಯಿನಿ ನಿಟ್ಟುಸಿರುಬಿಟ್ಟು ಅರ್ಜಿಯನ್ನು ಬಿಡಿಸಿದರು.

ಹುಡುಗಿ ಮಾತ್ರ ಅಳಲಿಲ್ಲ. ಗೋಡೆ ಸವರಿದಳು, ಹಾಳೆ ಸವರಿದಳು. ಆಮೇಲೆ ಹಾಳೆ ಮಗುಚಿ ಇನ್ನೊಂದು ಮಗ್ಗುಲಿನ ಸಣ್ಣ ತಗ್ಗುಗಳ ಮೇಲೆ ಬೆರಳಿಟ್ಟಳು. ಅವಳ ಮುಖ ಅರಳಿತು.

"ಅಯ್ಯೋ ಸರ್! ಮಹಡೀನೇ ಮಗುಚಿ ಹಾಕಿದೀರಲ್ಲ! ಇರಲಿ ಬಿಡಿ, ಬಲ ಅಂದ್ರೆ ಎಡ ಅಂತ ಓದ್ಕೊಂಡ್ರೆ ಆಯ್ತು."

ತಿರುಗಿ ಓಣಿಯಲ್ಲಿ ನಡೆದಳು. ಬಲಗೈಯ ಗೋಡೆಯಲ್ಲಿ ಒಂದು ಬಾಗಿಲು, ಎರಡು ಬಾಗಿಲು. ಮೂರನೆಯದನ್ನು ಜೋರಾಗಿ ತಟ್ಟಿದಳು.

ಪ್ರಯೋಗಾಲಯದ ಸಹಾಯಕ ಕೈಯಲ್ಲಿ ಗಾಜಿನ ಕೊಳವೆ ಹಿಡಿದೇ ಬಾಗಿಲು ತೆರೆದ. "ಯಾರು ಬೇಕಿತ್ತಮ್ಮ?"

"ಕೋಟಿನ ಗುಂಡಿ!" ಅಂದಳು ಚಿನಕುರಳಿ.

ಮೇಷ್ಟ್ರು ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡರು. ಮುಖ್ಯೋಪಾಧ್ಯಾಯಿನಿ ಅರ್ಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು 'ವಿನಾಯಿತಿ ಬೇಡ' ಎಂದು ದೊಡ್ಡದಾಗಿ ಬರೆದರು. "ಸರಿಯಾದ ನಕ್ಷೇನ ಯಾರು ಬೇಕಾದ್ರೂ ಓದ್ತಾರೆ. ತಪ್ಪು ನಕ್ಷೆ ಹಿಡ್ಕೊಂಡು ಬಂದು ತಲುಪಿದವಳಿಗೆ ನಾನೇನು ವಿನಾಯಿತಿ ಕೊಡೋದು! ಬಾ, ನೀನೂ ಇಲ್ಲಿ ಸಹಿ ಹಾಕು."

"ಎಲ್ಲಿ ಮೇಡಂ?"

ಮುಖ್ಯೋಪಾಧ್ಯಾಯಿನಿ ನಾಲಿಗೆ ಕಚ್ಚಿಕೊಂಡರು. ಮೇಷ್ಟ್ರಿಗೆ ಈಗ ಮಾತಾಡಲು ಅಡ್ಡಿಯಿರಲಿಲ್ಲ. "ಹಾಳೆಯ ಕೆಳಗಿನ ಅಂಚು, ಬಲಮೂಲೆ, ಎರಡು ಬೆರಳು ಮೇಲಕ್ಕೆ," ಎಂದು ಬಿಡಿಸಿ ಹೇಳಿದರು.

ಹುಡುಗಿ ಪೆನ್ನು ಹಿಡಿದು ಹಾಳೆಯ ಅಂಚು ಸವರಿದಳು.

"ನಿಜವಾದ ಬಲಾನಾ ಸರ್, ನಿಮ್ಮ ನಕ್ಷೆಯ ಬಲಾನಾ?"