ಕೆಮ್ಮಿದವರು ಹೊರಗೆ

ಕೆಮ್ಮಿದನೆಂದು ಅಬ್ದುಲ್ ಗನಿಯನ್ನು ಆಟದ ನಡುವೆಯೇ ಮೈದಾನದಿಂದ ಕರೆದುಕೊಂಡು ಹೋದರು. ಒಂದು ಶಾಲೆಯ ಕಟ್ಟಡದಲ್ಲಿ, ರೋಗ ಹತ್ತಿದವರ ನಡುವೆ ಮಲಗಿಸಿದರು. ಹೋಗುವಾಗ ಅವನಿಗೆ ಕೊರೊನಾ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಇಲ್ಲವೆಂದೇ ಬಂತು. ಎರಡನೆಯದರಲ್ಲಿ ಇದೆ ಎಂದು ಬಂತು. ಅಲ್ಲೇ ಸತ್ತ. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಹೆಂಡತಿಗೆ ಮುಖ ತೋರಿಸಲಿಲ್ಲ.

ಅವತ್ತು ಸೀಟಿ ಹೊಡೆದು ಆಟ ನಿಲ್ಲಿಸಿದವನು ಅಂಬಾರಾಯ.

ಅಂಬಾರಾಯ ವಾಡಿಯವನು, ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವನು. ಹೆಗಲಿಗೆ ಸುತ್ತಿಗೆ ಹಾಕಿಕೊಂಡು ಹಳಿಯ ಗುಂಟ ನಡೆಯುವುದು, ಸಡಿಲಾದ ಕೀಲಿ ಕಂಡರೆ ಹೊಡೆದು ಕೂರಿಸುವುದು, ಮತ್ತೆ ನಡೆಯುವುದು. ಹಾಗೇ ಸರ್ವಿಸ್ ಮುಗಿಯಿತು. ಅದಕ್ಕೇ ನಡಿಗೆಯ ಫುಟ್‌ಬಾಲಿಗೆ ರೆಫರಿ ಬೇಕೆಂದಾಗ ಎಲ್ಲರೂ ಅವನ ಕಡೆ ಕೈ ತೋರಿಸಿದರು.

"ಇವನೇ ಬರೋಬ್ಬರಿ," ಎಂದಿದ್ದ ಶಹಾಬಾದಿನ ಅಮೀರ್ ಅಲಿ. "ಹಿಂದ ಗಾಡಿ ಬಂದು ಹಾರ್ನ್ ಹೊಡದ್ರೂ ಓಡಿದ ಮನಷ್ಯಾ ಅಲ್ಲ."

ಈ ಆಟವನ್ನು ತಂದವರು ಗುರುಲಿಂಗಯ್ಯ ಮಾಸ್ತರರು. ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ಮೊದಲ ಲಾಕ್‌ಡೌನಿನಲ್ಲಿ ಮೊಬೈಲ್ ನೋಡುತ್ತ ಕುಳಿತಾಗ ಯಾವುದೋ ದೇಶದ ಮುದುಕರು ನಡೆಯುತ್ತಲೇ ಫುಟ್‌ಬಾಲ್ ಆಡುವುದು ಕಂಡಿತು. ಓಡಬಾರದು, ಒಂದು ಕಾಲು ಯಾವಾಗಲೂ ನೆಲದ ಮೇಲಿರಬೇಕು, ಓಡಿದರೆ ಸೀಟಿ, ಚೆಂಡು ಎದುರಿನವರಿಗೆ. "ನಡಕೋತ ಫುಟ್‌ಬಾಲ್ ಆಡೂದಂದ್ರ ಕುಂತ್ಕೊಂಡು ಕುಸ್ತಿ ಹಿಡದಂಗ" ಎಂದು ಚಹಾದಂಗಡಿಯಲ್ಲಿ ನಕ್ಕವರೇ ಮುಂದಿನ ವಾರ ಕ್ಯಾನ್ವಾಸ್ ಬೂಟು ಹುಡುಕಿಕೊಂಡು ಬಂದರು. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬಯಲಿನಲ್ಲಿ, ದೂರ ದೂರ ನಿಂತು, ಸಾವಕಾಶವಾಗಿ ಆಡುವ ಆಟಕ್ಕೆ ಅಧಿಕಾರಿಗಳೂ ಬೇಡವೆನ್ನಲಿಲ್ಲ. ಐದು ಊರಿಂದ ಐದು ತಂಡವಾಯಿತು. ಸೇಡಂನಿಂದ ತೊಗರಿಯ ಅಡತಿ ವ್ಯಾಪಾರಿಗಳು, ಚಿತ್ತಾಪುರದಿಂದ ರಿಟೈರಾದ ಕಂಡಕ್ಟರುಗಳು, ವಾಡಿಯಿಂದ ರೈಲ್ವೆಯವರು ಮತ್ತು ಸಿಮೆಂಟಿನವರು. ಚಿಂಚೋಳಿಯವರು ಟಂಟಂ ಗಾಡಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದರು. ಸೋತರೂ ಉಂಡೇ ಹೋಗುತ್ತಿದ್ದರು.

ಶಹಾಬಾದಿನ ತಂಡ ಪೂರ್ತಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯವರದು. ಅವರು ಬಂದರೆ ಮೊದಲು ಕೆಮ್ಮು ಬರುತ್ತಿತ್ತು, ಆಮೇಲೆ ಅವರು. ಕಲ್ಲು ಸೀಳಿ, ಕೊಯ್ದು, ಪಾಲಿಶ್ ಮಾಡಿದ ಕೆಮ್ಮು. ನಾಡಿನ ಎಷ್ಟೋ ಮನೆಗಳ ಅಂಗಳಕ್ಕೆ ಕಲ್ಲು ಹೋಯಿತು, ಅದರ ಪುಡಿ ಇವರ ಎದೆಯಲ್ಲಿ ಉಳಿಯಿತು. ದವಾಖಾನೆಗೆ ಹೋದರೆ ಬೀಡಿ ಬಿಡು ಎನ್ನುತ್ತಿದ್ದರು. "ನಾ ಬೀಡಿ ಸೇದೂದಿಲ್ರಿ ಅಂದ್ರ, ಹಂಗಾದ್ರ ಈಗ ಚಾಲೂ ಮಾಡಿ ಆಮ್ಯಾಲ ಬಿಡು ಅಂದಂಗ ಆತು ಡಾಕ್ಟರಂದು," ಎಂದು ಅವರ ಗೋಲ್‌ಕೀಪರ್ ಗನಿ ನಗುತ್ತಿದ್ದ. ಕಲ್ಲಿನ ಪುಡಿ ಎಂದು ಯಾವ ಡಾಕ್ಟರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಖಣಿಯ ಮಾಲೀಕ ಜವಾಬು ಕೊಡಬೇಕಾಗುತ್ತದೆ.

ಈ ಸೀಮೆಯಲ್ಲಿ ಆ ಕೆಮ್ಮು ಗೊತ್ತಿಲ್ಲದ ಮನುಷ್ಯನೇ ಇರಲಿಲ್ಲ. ಕೊರೊನಾ ಬಂದ ಮೇಲೆ ಎಲ್ಲರಿಗೂ ಮರೆತುಹೋಯಿತು.

ಎರಡನೆಯ ಅಲೆ ಶುರುವಾಗುವ ಹೊತ್ತು ಅದು. ಚಿತ್ತಾಪುರದ ಮೇಲಿನ ಆಟದಲ್ಲಿ ಗನಿ ಗೋಲಿನ ಮುಂದೆ ಬಗ್ಗಿ ನಿಂತು ಕೆಮ್ಮಿದ. ನಿಲ್ಲಲಿಲ್ಲ. ಅಂಚಿನಲ್ಲಿ ನಿಂತಿದ್ದ ಯಾರೋ ಫೋನ್ ಮಾಡಿದರು. ದವಾಖಾನೆಯ ಗಾಡಿ ಬಂತು. ಮಾಸ್ತರರು ಕೈ ಎತ್ತಿದರು, ಅಂಬಾರಾಯ ಸೀಟಿ ಹೊಡೆದ. ಗನಿ ಅವನ ಕಡೆ ತಿರುಗಿ, "ಅಂಬಣ್ಣ, ನಾ ಎಲ್ಲಿ ಓಡೀನಿ?" ಎಂದ. ಎರಡೂ ತಂಡದವರು ನಕ್ಕರು. ಆಮೇಲೆ ಬಿಳಿ ಅಂಗಿ ತೊಟ್ಟವರು ಇಳಿದರು. ಯಾರೂ ನಗಲಿಲ್ಲ, ಯಾರೂ ಹತ್ತಿರ ಹೋಗಲಿಲ್ಲ. ಗನಿ ನಡೆದುಕೊಂಡೇ ಹೋಗಿ ಗಾಡಿ ಹತ್ತಿದ.

ಅದಾದ ಮೇಲೆ ಅಂಬಾರಾಯನಿಗೆ ಏನೂ ಅನ್ನಿಸಲಿಲ್ಲ. ಸುದ್ದಿ ಬಂದ ದಿನವೂ ಉಂಡ. ಹೆಂಡತಿ ಸೂಗಮ್ಮ, "ಒಮ್ಮೆರೆ ಹೋಗಿ ಬರ್ರಿ ಶಹಾಬಾದಿಗಿ. ಆಡಿದ ಮನಷ್ಯಾ," ಎಂದಳು. ಆಯಿತೆಂದ. ಎರಡನೆಯ ಲಾಕ್‌ಡೌನ್ ತೆಗೆದು ರೈಲು ಬಿಟ್ಟ ಮೇಲೆ ಹೋದ.

ಗನಿಯ ಹೆಂಡತಿ ಜೈತುನ್ಬೀ ಬಾಗಿಲಲ್ಲೇ ಚಾಪೆ ಹಾಕಿದಳು. ಅಂಬಾರಾಯ ಮಾಸ್ಕ್ ಮೇಲೆಳೆದುಕೊಂಡು ಕುಳಿತ.

"ಚಹಾ ಕುಡೀತೀರೇನ್ ಭಾಯ್‌ಸಾಬ?"

"ಬ್ಯಾಡ್ರಿ ಭಾಭಿ."

"ಕುಡೀರಿ. ನಮ್ಮನ್ಯಾಗ ಕುಡದ್ರ ಏನೂ ಆಗೂದಿಲ್ಲ. ಈಗ ಯಾರೂ ಕೆಮ್ಮೂದಿಲ್ಲ ಇಲ್ಲಿ."

ಅವಳು ಚುಚ್ಚಿದಳೋ, ಸುಮ್ಮನೆ ಹೇಳಿದಳೋ ತಿಳಿಯಲಿಲ್ಲ. ದನಿಯಲ್ಲಿ ಏನೂ ಇರಲಿಲ್ಲ. ಚಹಾ ತಂದಿಟ್ಟು ದೂರ ಕುಳಿತಳು.

"ಅವ್ರ ಕೆಮ್ಮು ಓಣಿ ಆ ಕಡಿ ಇದ್ದಾಗೇ ಕೇಳ್ತಿತ್ತು. ಕೇಳಿದ್ ಕೂಡ್ಲೆ ಹಂಚಿನ ಮ್ಯಾಲ ರೊಟ್ಟಿ ಹಾಕ್ತಿದ್ದೆ. ಕೈಕಾಲ್ ತೊಳಕೊಂಡು ಕುಂದ್ರೂದ್ರಾಗ ಬಿಸಿ ರೊಟ್ಟಿ. ಈಗ್ಲೂ ಓಣ್ಯಾಗ ಯಾರರೆ ಕೆಮ್ಮಿದ್ರ ಎದ್ದು ನಿಂದರ್ತೀನಿ. ಈ ಓಣ್ಯಾಗ ಕೆಮ್ಮಲಾರದವ್ರು ಯಾರ್ ಇದ್ದಾರ?"

ಅಂಬಾರಾಯ ಚಹಾ ಮುಗಿಸಿದ. ಸೀಟಿಯ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಕಿಟಕಿಯಾಚೆ ಕಲ್ಲಿನ ಚಪ್ಪಡಿಗಳು ಸಾಲಾಗಿ ಒರಗಿ ನಿಂತಿದ್ದವು. ನೋಡಿದ. ನೋಡಿದನಷ್ಟೆ.

ಚಳಿಗಾಲಕ್ಕೆ ಲೀಗು ಮತ್ತೆ ಶುರುವಾಯಿತು. ಎಲ್ಲರೂ ಸೂಜಿ ಹಾಕಿಸಿಕೊಂಡಿದ್ದರು. ಫೈನಲ್ಲಿಗೆ ವಾಡಿ ಮತ್ತು ಶಹಾಬಾದ್ ಬಂದವು. ಹಿಂದಿನ ದಿನ ಮಾಸ್ತರರು ಅಂಬಾರಾಯನ ಮನೆಗೇ ಬಂದರು.

"ನಾಳಿ ತಾಲೂಕಿನ ಸಾಹೇಬ್ರು ಬರಾಕತ್ತ್ಯಾರ, ಅಂಬಾರಾಯ. ಪರ್ಮಿಶನ್ ಕೊಡಬೇಕಾದ್ರ ಒಂದು ಶರತ್ ಹಾಕ್ಯಾರ. ಕೆಮ್ಮಿದವರನ್ನ ಹೊರಗ ಕಳಸಬೇಕು. ಯಾರೇ ಇರ್ಲಿ."

"ಶಹಾಬಾದಿನವ್ರು ಎಲ್ಲಾರೂ ಕೆಮ್ಮತಾರಲ್ರಿ."

"ನನಗ ಗೊತ್ತಿಲ್ಲೇನೋ? ಅಮೀರ್ ಅಲಿಗಿ ಹೇಳೀನಿ. ತಡಕೋತೀವಿ ಅಂದಾನ. ಒಂದೀಟು ತಡಕೊಂಡ್ರ ಆತು. ಈ ಆಟ ಬಂದ್ ಆದ್ರ ಐದೂ ಊರಾಗ ಮುದುಕ್ರು ಮತ್ತ ಗ್ವಾಡಿ ನೋಡ್ಕೋತ ಕುಂದರ್ತಾರ. ಅದಕ್ಕೇ ಹೇಳಾಕತ್ತೀನಿ. ನಾ ಕೈ ಎತ್ತಿದ್ರ ನೀ ಸೀಟಿ ಹೊಡಿ. ಸಾಕು."

ಮಾಸ್ತರರ ಕಣ್ಣು ಬತ್ತಿದ್ದವು. ಪರ್ಮಿಶನ್ನಿಗಾಗಿ ಅವರು ಕಚೇರಿಯ ಮೆಟ್ಟಿಲ ಮೇಲೆ ಎಷ್ಟು ಕುಳಿತಿದ್ದರೆಂದು ಊರಿಗೇ ಗೊತ್ತಿತ್ತು. ಅಂಬಾರಾಯ ತಲೆ ಆಡಿಸಿದ. ತಲೆ ಆಡಿಸುವುದಕ್ಕೆ ಏನೂ ಬೇಕಾಗಲಿಲ್ಲ.

ಭಾನುವಾರ ಮುಂಜಾನೆ ಆಟ. ಟೆಂಟಿನ ಕೆಳಗೆ ಸಾಹೇಬರಿಗೆ ಕುರ್ಚಿ ಹಾಕಿದ್ದರು. ಶಹಾಬಾದಿನವರು ಸದ್ದಿಲ್ಲದೆ ಗಾಡಿ ಇಳಿದರು. ಅವರು ಸದ್ದಿಲ್ಲದೆ ಬಂದದ್ದನ್ನು ವಾಡಿಯವರು ಮೊದಲ ಸಲ ನೋಡಿದರು. ಒಬ್ಬೊಬ್ಬರ ಬಾಯಲ್ಲೂ ಲವಂಗ ಇತ್ತು.

ಆಟ ಶುರುವಾಯಿತು. ಶಹಾಬಾದಿನವರು ಮೊದಲೇ ನಿಧಾನ, ಅವತ್ತು ಇನ್ನೂ ನಿಧಾನ. ಕೆಮ್ಮು ಎದೆಯಿಂದ ಏಳುವಾಗ ನಿಲ್ಲುತ್ತಿದ್ದರು, ಹಲ್ಲು ಕಚ್ಚಿ ಅದನ್ನು ನುಂಗುತ್ತಿದ್ದರು, ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಅಷ್ಟರಲ್ಲಿ ಚೆಂಡು ಕಾಲಿನ ಪಕ್ಕದಿಂದ ಹೋಗಿಬಿಡುತ್ತಿತ್ತು. ಹೊಸ ಗೋಲ್‌ಕೀಪರ್ ಅಬ್ದುಲ್ ಕರೀಮ್ ಎರಡು ಸಲ ಬಲೆಯ ಹಿಂದೆ ಹೋಗಿ ಟವೆಲ್ಲಿನಲ್ಲಿ ಮುಖ ಹುಗಿದುಕೊಂಡು ಬಂದ. ವಾಡಿ ಸುಮ್ಮನೆ ನಡೆದುಹೋಗಿ ಒಂದು ಗೋಲು ಹೊಡೆಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ವಾಡಿ ತಂಡದ ಅಣವೀರ ಸಿಮೆಂಟ್ ಚೀಲ ತುಂಬುವ ಕಡೆ ದುಡಿದವನು. ಅವನ ಎದೆಯಲ್ಲೂ ಪುಡಿ ಇತ್ತು. ಅಮೀರ್ ಅಲಿಯ ಮುಖ ಕಪ್ಪಿಟ್ಟು ಬಿಗಿಯುವುದನ್ನು ನೋಡಿ ಒಮ್ಮೆಲೇ ಕೂಗಲು ಶುರು ಮಾಡಿದ.

"ಏ ಪಾಸ್ ಕೊಡೋ ಮಗನ! ಕಣ್ಣು ಮನ್ಯಾಗ ಇಟ್ಟು ಬಂದೀಯೇನು?"

ಆ ಗದ್ದಲದ ಮರೆಯಲ್ಲಿ ಅಮೀರ್ ಅಲಿ ಬಗ್ಗಿ ಒಂದು ಕೆಮ್ಮು ಕೆಮ್ಮಿ ಮುಗಿಸಿದ. ಇದು ಉಳಿದವರಿಗೂ ತಿಳಿಯಿತು. ಶಹಾಬಾದಿನವನು ಯಾರಾದರೂ ನಿಂತರೆ ಸಾಕು, ವಾಡಿಯವರು ಚಪ್ಪಾಳೆ ಹೊಡೆಯುವರು, ಒಬ್ಬರನ್ನೊಬ್ಬರು ಬೈಯುವರು, ಹೆಂಡತಿಯರ ಹೆಸರು ಹಿಡಿದು ಚೇಷ್ಟೆ ಮಾಡುವರು. ಸಾಹೇಬರು ನಕ್ಕರು. ಎರಡೂ ಕಡೆಯವರು ಕೂಡಿ ಹೀಗೆ ಒಂದೇ ಆಟ ಆಡುತ್ತಿದ್ದುದನ್ನು ಅಂಬಾರಾಯ ನಡುವೆ ನಿಂತು ನೋಡಿದ. ಅವನ ಎದೆಯಲ್ಲಿ ಎಲ್ಲೋ ಏನೋ ಅಲುಗಿದಂತಾಯಿತು, ಮತ್ತೆ ನಿಂತಿತು.

ಎರಡನೆಯ ಅರ್ಧದಲ್ಲಿ ಚೆಂಡು ಹೊರಗೆ ಹೋಯಿತು. ತರಲು ಯಾರೋ ಹೋಗಿದ್ದರು. ಎಲ್ಲರೂ ದಣಿದು ಸುಮ್ಮನೆ ನಿಂತಿದ್ದರು. ಆ ಮೌನದಲ್ಲಿ ಅಮೀರ್ ಅಲಿಗೆ ಕೆಮ್ಮು ಬಂತು. ತಡೆಯಲು ಬಾಯಿಗೆ ಎರಡೂ ಕೈ ಒತ್ತಿದ. ಆಗಲಿಲ್ಲ. ಮಂಡಿಯೂರಿದ. ಅಣವೀರ ಕೂಗಿದ, ಆದರೆ ಕೆಮ್ಮು ಅವನ ಕೂಗಿಗಿಂತ ದೊಡ್ಡದಾಗಿತ್ತು. ಒಬ್ಬನ ಕೆಮ್ಮು ಇನ್ನೊಬ್ಬನ ಕೆಮ್ಮನ್ನು ಎಬ್ಬಿಸಿತು. ಕರೀಮ್ ಕೆಮ್ಮಿದ, ಅವನ ಹಿಂದಿನವನು ಕೆಮ್ಮಿದ. ಇಡೀ ಶಹಾಬಾದ್ ತಂಡ ನಿಂತ ನಿಂತಲ್ಲೇ ಕೆಮ್ಮತೊಡಗಿತು. ಆಮೇಲೆ ಅಣವೀರನೂ.

ಸಾಹೇಬರು ಕುರ್ಚಿ ಹಿಂದೆ ಸರಿಸಿ ಎದ್ದರು. ಮಾಸ್ತರರು ಕೈ ಎತ್ತಿದರು.

ಅಂಬಾರಾಯ ಆ ಕೈಯನ್ನು ನೋಡಿದ.

ಮಾಸ್ತರರು ಮೈಕಿಗೆ ಬಂದರು. "ರೆಫರಿ, ಕೆಮ್ಮಾಕತ್ತವರನ್ನ ಹೊರಗ ಕಳಸ್ರಿ."

ಅಂಬಾರಾಯ ನಡೆದುಹೋಗಿ ಅಮೀರ್ ಅಲಿಯ ಬೆನ್ನ ಮೇಲೆ ಕೈಯಿಟ್ಟ. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಒಳಗೆ ಎಲುಬು ಕುಣಿಯುತ್ತಿದ್ದವು. "ಸಾವಕಾಶ," ಎಂದ. "ಪೂರಾ ಕೆಮ್ಮು. ಆಟ ಎಲ್ಲೂ ಹೋಗೂದಿಲ್ಲ."

ಮಾಸ್ತರರು ಮೈಕ್ ಬಿಟ್ಟು ಗೆರೆಯ ತನಕ ಬಂದರು. ದನಿ ತಗ್ಗಿಸಿದರು. "ಅಂಬಾರಾಯ, ನಿನಗ ಕೈ ಮುಗೀತೀನಿ. ಸಾಹೇಬ್ರು ಗಾಡಿ ಕರಸಾಕತ್ತ್ಯಾರ. ಸೀಟಿ ಹೊಡದು ಇವರನ್ನ ಹೊರಗ ಹಾಕು. ಇಲ್ಲಂದ್ರ ಸೀಟಿ ನನ್ನ ಕೈಗಿ ಕೊಡು."

"ಹೊಡ್ಯೂದಿಲ್ರಿ ಮಾಸ್ತರ್ರ," ಎಂದ ಅಂಬಾರಾಯ. "ಕೊಡೂದೂ ಇಲ್ಲ."